ವನ್ಯಜೀವಿ ಛಾಯಾಗ್ರಹಣದಲ್ಲಿ ಸಂವೇದಕದ ಅಳತೆ: ಒಂದು ವಿವೇಚನೆ

ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿಯೂ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬಂದಿಳಿಯುತ್ತವೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಈ ಕೆರೆಯ ದಂಡೆಯ ಮೇಲೆ ಕ್ಯಾಮರಾ ಹಿಡಿದು ನಿಲ್ಲುವವರಿಗೆಲ್ಲ ಎದುರಾಗುವ ತೊಡಕು ಒಂದೇ. ಹಕ್ಕಿಗಳು ದೂರದಲ್ಲಿರುತ್ತವೆ, ಹತ್ತಿರ ಹೋದರೆ ಹಾರಿಬಿಡುತ್ತವೆ.

ಈ ದೂರವನ್ನು ಗೆಲ್ಲಲು ಎರಡು ಬಗೆಯ ಸಲಹೆಗಳು ಕೇಳಿಬರುತ್ತವೆ. ಚಿಕ್ಕ ಸಂವೇದಕವಿರುವ, ಅಂದರೆ ಕ್ರಾಪ್ ಸೆನ್ಸರಿನ ಕ್ಯಾಮರಾ ಕೊಂಡರೆ ಮಸೂರವು ತಾನಾಗಿಯೇ ಒಂದೂವರೆ ಪಟ್ಟು ಉದ್ದವಾಗುತ್ತದೆಂದು ಅಂಗಡಿಯವರು ಹೇಳುತ್ತಾರೆ. ದೊಡ್ಡ ಸಂವೇದಕದ ಫುಲ್‌ಫ್ರೇಮ್ ಕ್ಯಾಮರಾವನ್ನೇ ಕೊಂಡು, ಆಮೇಲೆ ಚಿತ್ರದ ಅಂಚನ್ನು ಕತ್ತರಿಸಿಕೊಳ್ಳುವುದು ಲೇಸೆಂಬುದು ಹಲವು ಅನುಭವಿಗಳ ಮತ. ಎರಡರಲ್ಲಿಯೂ ಅರ್ಧ ಸತ್ಯವಿದೆ. ಶಾಲೆಗಳ ನಿಸರ್ಗ ಸಂಘಗಳು ದಾನಿಗಳ ಹಣದಿಂದ ಇಂತಹ ಉಪಕರಣಗಳನ್ನು ಕೊಳ್ಳುವಾಗ ಉಳಿದರ್ಧವನ್ನೂ ತಿಳಿದಿರುವುದು ಅವಶ್ಯ.

ಮೊದಲು ‘ಫುಲ್‌ಫ್ರೇಮ್’ ಎಂಬ ಹೆಸರಿನ ವಿಚಾರ. ಜರ್ಮನಿಯ ವೆಟ್ಸ್ಲಾರ್ ನಗರದ ಲೈಟ್ಸ್ ಸಂಸ್ಥೆಯಲ್ಲಿದ್ದ ಆಸ್ಕರ್ ಬಾರ್ನಾಕ್ ಎಂಬ ಯಂತ್ರಜ್ಞನು ಚಲನಚಿತ್ರದ 35 ಮಿ.ಮೀ. ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಸಿನಿಮಾದ ಎರಡು ಚೌಕಟ್ಟುಗಳನ್ನು ಒಂದಾಗಿಸಿದನು. 18×24 ಮಿ.ಮೀ. ಇದ್ದದ್ದು 36×24 ಆಯಿತು. 1925ರಲ್ಲಿ ಲೈಪ್ಸಿಗ್ ಮೇಳದಲ್ಲಿ ಪ್ರಕಟವಾದ ಲೈಕಾ ಕ್ಯಾಮರಾದಿಂದ ಆ ಅಳತೆ ಲೋಕಪ್ರಸಿದ್ಧವಾಯಿತು. ಫಿಲ್ಮಿನ ಕಾಲ ಮುಗಿಯುತ್ತ ಬಂದಾಗ ಅಷ್ಟು ದೊಡ್ಡ ಸಂವೇದಕವನ್ನು ತಯಾರಿಸುವುದು ಬಹು ದುಬಾರಿಯಾಗಿತ್ತು. ಆದುದರಿಂದ 1999ರ ನಿಕಾನ್ ಡಿ1 ಕ್ಯಾಮರಾದಲ್ಲಿ ಸುಮಾರು 24×16 ಮಿ.ಮೀ. ಅಳತೆಯ ಸಂವೇದಕವನ್ನು ಅಳವಡಿಸಿದರು. 36×24ರ ಸಂವೇದಕವುಳ್ಳ ಕ್ಯಾನನ್ 1ಡಿಎಸ್ ಬಂದದ್ದು 2002ರಲ್ಲಿ. ಸಿನಿಮಾದ ಫಿಲ್ಮಿನಿಂದ ಹುಟ್ಟಿದ ಅಳತೆಯೊಂದಕ್ಕೆ ‘ಪೂರ್ಣ’ವೆಂಬ ಬಿರುದು ಸಂದಿದೆಯೇ ಹೊರತು ಅದರಲ್ಲಿ ಬೇರೆ ಪೂರ್ಣತೆಯೇನೂ ಇಲ್ಲ.

ಇನ್ನು ಮಾಗಡಿಯ ಬಾತಿಗೇ ಬರೋಣ. ಅದರ ಉದ್ದ ಸುಮಾರು 75 ಸೆಂ.ಮೀ.; ನಿಂತಿರುವುದು 50 ಮೀಟರ್ ದೂರದಲ್ಲಿ; ಮಸೂರದ ಸಂಗಮದೂರ 500 ಮಿ.ಮೀ. ಎಂದಿಟ್ಟುಕೊಳ್ಳೋಣ. ಹಕ್ಕಿಯ ಉದ್ದವನ್ನು ಸಂಗಮದೂರದಿಂದ ಗುಣಿಸಿ, ನಡುವಣ ದೂರದಿಂದ ಭಾಗಿಸಿದರೆ ಬಿಂಬದ ಉದ್ದ ದೊರೆಯುತ್ತದೆ: ಏಳೂವರೆ ಮಿ.ಮೀ. ಹಿಂದೆ ದೊಡ್ಡ ಸಂವೇದಕವಿರಲಿ, ಚಿಕ್ಕದಿರಲಿ, ಬಿಂಬವು ಏಳೂವರೆ ಮಿಲಿಮೀಟರೇ. ಬಾಗಿಲಿನ ಚೌಕಟ್ಟು ಕಿರಿದಾದ ಮಾತ್ರಕ್ಕೆ ಅದರೊಳಗಿಂದ ಕಾಣುವ ಗುಡ್ಡ ಹತ್ತಿರ ಬರುವುದಿಲ್ಲವಷ್ಟೆ. ಚಿಕ್ಕ ಸಂವೇದಕವು ಸುತ್ತಲಿನ ನೀರನ್ನೂ ಆಕಾಶವನ್ನೂ ಬಿಟ್ಟುಬಿಡುತ್ತದೆ, ಅಷ್ಟೇ.

ಹಾಗಾದರೆ ಹಕ್ಕಿಯ ಗರಿಗರಿಯೂ ಸ್ಪಷ್ಟವಾಗಿ ಮೂಡುವುದು ಯಾವುದರಿಂದ? ಆ ಏಳೂವರೆ ಮಿಲಿಮೀಟರಿನೊಳಗೆ ಎಷ್ಟು ಪಿಕ್ಸೆಲುಗಳು ಕುಳಿತಿವೆಯೆಂಬುದರಿಂದ. 2016ರ ನಿಕಾನ್ ಡಿ500 ಚಿಕ್ಕ ಸಂವೇದಕದ ಕ್ಯಾಮರಾ. ಅದರ ಪಿಕ್ಸೆಲಿನ ಅಗಲ ಸುಮಾರು 4.2 ಮೈಕ್ರಾನ್. ಬಾತಿನ ಉದ್ದಕ್ಕೆ ಸುಮಾರು 1,775 ಪಿಕ್ಸೆಲುಗಳು ಬೀಳುತ್ತವೆ. 2017ರ ಡಿ850 ದೊಡ್ಡ ಸಂವೇದಕದ್ದು. ಅದರಲ್ಲಿ ಬೀಳುವುದು ಸುಮಾರು 1,725. ಎರಡನೆಯದರ ಚಿತ್ರವನ್ನು ಮೊದಲನೆಯದರ ಅಳತೆಗೆ ಕತ್ತರಿಸಿ ಪಕ್ಕಪಕ್ಕದಲ್ಲಿಟ್ಟರೆ ಬೇರ್ಪಡಿಸಿ ಗುರುತಿಸುವುದು ಕಷ್ಟ. ಆದರೆ 2018ರ ಝಡ್6 ಕ್ಯಾಮರಾ ದೊಡ್ಡ ಸಂವೇದಕದ್ದೇ ಆದರೂ ಅದರ ಪಿಕ್ಸೆಲುಗಳು ಅಗಲವಾದವು. ಅಲ್ಲಿ ಬಾತಿಗೆ ಸಿಗುವುದು ಸುಮಾರು 1,260 ಮಾತ್ರ. 2022ರ ಕ್ಯಾನನ್ ಆರ್7ರ ಚಿಕ್ಕ ಸಂವೇದಕದಲ್ಲಿಯಾದರೋ 2,300ನ್ನು ಮೀರುತ್ತದೆ. ಆದಕಾರಣ ಕತ್ತರಿಸಿದ ದೊಡ್ಡದು ಲೇಸೋ, ಚಿಕ್ಕದು ಲೇಸೋ ಎಂಬ ಪ್ರಶ್ನೆಗೆ ಹೆಸರಿನಲ್ಲಿ ಉತ್ತರವಿಲ್ಲ, ಪಿಕ್ಸೆಲಿನ ದಟ್ಟಣೆಯಲ್ಲಿದೆ.

ಬೆಳಕಿನ ಮಾತೂ ಹೀಗೆಯೇ. ಮಬ್ಬು ಬೆಳಕಿನಲ್ಲಿ ದೊಡ್ಡ ಸಂವೇದಕದ ಚಿತ್ರ ಹೆಚ್ಚು ನಯವೆಂಬುದು ಪ್ರತೀತಿ. ಚಿತ್ರವು ಇಡಿಯ ಸಂವೇದಕವನ್ನು ತುಂಬಿದಾಗ ಅದು ದಿಟ. ಎರಡೂಕಾಲು ಪಟ್ಟು ವಿಸ್ತಾರದಲ್ಲಿ ಎರಡೂಕಾಲು ಪಟ್ಟು ಬೆಳಕು ಸೇರುತ್ತದೆ. ಕತ್ತರಿಸಿದೊಡನೆ ಆ ಲಾಭವೂ ಕತ್ತರಿಸಿಹೋಗುತ್ತದೆ. ಬಾತಿನ ಬಿಂಬಕ್ಕೆ ದೊರೆತ ಬೆಳಕು ಮಸೂರದ ದ್ವಾರವೂ ಕಾಲಾವಧಿಯೂ ಕೊಟ್ಟದ್ದು. ಅಕ್ಕಪಕ್ಕದಲ್ಲಿ ಬಿದ್ದು ವ್ಯರ್ಥವಾದ ಬೆಳಕಿನಿಂದ ಹಕ್ಕಿಗೇನು ಬಂತು?

ದೊಡ್ಡ ಸಂವೇದಕದ ಪೂರ್ಣ ಫಲವನ್ನು ಪಡೆಯಬೇಕಾದರೆ ಅದನ್ನು ತುಂಬಬೇಕು. ಅದಕ್ಕೆ ದಾರಿ ಎರಡೇ. ಒಂದು, 500ರ ಬದಲು 750 ಮಿ.ಮೀ. ಮಸೂರ. 600 ಮಿ.ಮೀ. ಎಫ್/4 ಮಸೂರವೊಂದನ್ನು ಹೊಸದಾಗಿ ಕೊಳ್ಳಲು ಹತ್ತು ಲಕ್ಷ ರೂಪಾಯಿ ಮೀರುತ್ತದೆ. ಅದರ ತೂಕವೂ ಮೂರು ಕಿಲೋಗ್ರಾಮಿನ ಆಸುಪಾಸು. ಎರಡನೆಯ ದಾರಿ, 50 ಮೀಟರಿನಿಂದ 33 ಮೀಟರಿಗೆ ನಡೆದುಹೋಗುವುದು. ಈ ಹದಿನೇಳು ಮೀಟರಿನಲ್ಲಿಯೇ ವಿಷಯದ ಗಾಂಭೀರ್ಯ ಅಡಗಿದೆ. ಸಾವಿರಾರು ಮೈಲಿ ಹಾರಿ ಬಂದ ಹಕ್ಕಿಯನ್ನು ವಿಶ್ರಾಂತಿಯ ಹೊತ್ತಿನಲ್ಲಿ ಎಬ್ಬಿಸಿದರೆ ಅದು ಮೇದು ಕೂಡಿಟ್ಟ ಬಲ ಬರಿದೆ ವ್ಯಯವಾಗುತ್ತದೆ. ಗೂಡುಗಳ ಬಳಿಯಂತೂ ಇದು ಕಾನೂನಿನ ವಿಷಯ: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಯ ಮೊಟ್ಟೆಗೂ ಗೂಡಿಗೂ ಅಡಚಣೆ ಮಾಡುವುದನ್ನು ‘ಬೇಟೆ’ ಎಂಬ ಪದದ ವ್ಯಾಖ್ಯೆಯೊಳಗೇ ಸೇರಿಸಿದೆ. ಕೈಯಲ್ಲಿ ಕೋವಿಯಿಲ್ಲ, ಕ್ಯಾಮರಾ ಇದೆ ಎಂಬುದು ಅಲ್ಲಿ ಸಮರ್ಥನೆಯಾಗದು.

ದೊಡ್ಡ ಸಂವೇದಕಕ್ಕೆ ಸಲ್ಲಬೇಕಾದ ಗೌರವವೂ ಇದೆ. ಹಾರುವ ಬಾತುಗಳ ಹಿಂಡನ್ನು ಚಿಕ್ಕ ಚೌಕಟ್ಟಿನಲ್ಲಿ ಹಿಡಿಯುವಾಗ ರೆಕ್ಕೆಯ ತುದಿ ಹೊರಗುಳಿಯುವುದು ಸಾಮಾನ್ಯ. ದೊಡ್ಡದರಲ್ಲಿ ಸುತ್ತ ಎಡೆಯಿರುವುದರಿಂದ ಮೊದಲು ಹಿಡಿದು ಆಮೇಲೆ ಕತ್ತರಿಸಬಹುದು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಹುಲ್ಲುಗಾವಲು ಸಮೇತ ಮೃಗವನ್ನು ಚಿತ್ರಿಸುವವನಿಗೂ ಅದು ಅನುಕೂಲ. ಇನ್ನು ಬಹು ದಟ್ಟಣೆಯ ಚಿಕ್ಕ ಸಂವೇದಕವು ಮಸೂರದ ದೋಷವನ್ನೂ ಕೈನಡುಕವನ್ನೂ ಎತ್ತಿ ತೋರಿಸುತ್ತದೆ. ಬಿಸಿಲೇರಿದ ಮೇಲೆ ಬಯಲುಸೀಮೆಯ ನೆಲದಿಂದೇಳುವ ಕಾವು ಗಾಳಿಯನ್ನೇ ಕದಡುವಾಗ 2,300 ಪಿಕ್ಸೆಲುಗಳೂ ಅಷ್ಟೇ, 1,260 ಅಷ್ಟೇ.

ಶಾಲೆಗಾಗಿ ಕೊಳ್ಳುವವರು ಹಣದ ಹೆಚ್ಚಿನ ಪಾಲನ್ನು ಮಸೂರಕ್ಕೆ ಮೀಸಲಿಡುವುದು ಯುಕ್ತ. ಕ್ಯಾಮರಾದ ಒಡಲು ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ; ಒಳ್ಳೆಯ ಮಸೂರ ಹಲವು ತಂಡದ ವಿದ್ಯಾರ್ಥಿಗಳ ಕೈದಾಟಿಯೂ ಉಳಿಯುತ್ತದೆ. ಚಿಕ್ಕ ಸಂವೇದಕದ ಕ್ಯಾಮರಾ, 500 ಮಿ.ಮೀ. ಮುಟ್ಟುವ ಎಫ್/5.6ರ ಝೂಮ್ ಮಸೂರ, ಗಟ್ಟಿಯಾದ ಮುಕ್ಕಾಲಿ, ಇಷ್ಟಿದ್ದರೆ ಸಾಕು. ಹಣ ಉಳಿದರೆ ಒಂದೆರಡು ಬೈನಾಕ್ಯುಲರ್‌ಗಳನ್ನು ಕೊಳ್ಳಬಹುದು. ಒಬ್ಬ ಚಿತ್ರ ತೆಗೆಯುವಾಗ ಉಳಿದ ಮಕ್ಕಳೂ ದಂಡೆಯಿಂದಲೇ ಹಕ್ಕಿ ನೋಡುತ್ತಾರೆ.