ಬೋಫಿನ್: ಗಾಳಿ ನುಂಗುವ ಮೀನಿಗೆ ಗಾಳ ಹಾಕುವ ಮುನ್ನ

"ಮೂಳೆಮೀನುಗಳ ಗಾಳಿಚೀಲದ ಕೆಲಸವೇನು?" ಎಂದು ಪ್ರಥಮ ಪಿಯುಸಿ ತರಗತಿಯಲ್ಲಿ ಕೇಳಿದರೆ ಇಡೀ ತರಗತಿ ಒಂದೇ ದನಿಯಲ್ಲಿ "ತೇಲುವುದಕ್ಕೆ ಸಾರ್" ಎನ್ನುತ್ತದೆ. ಉತ್ತರ ಸರಿ, ಅಂಕವೂ ಸಿಗುತ್ತದೆ. ಆದರೆ ಉತ್ತರ ಅಮೆರಿಕದ ಕೆರೆ, ಜೌಗು, ನಿಧಾನ ಹರಿಯುವ ಹೊಳೆಗಳಲ್ಲಿ ಬೋಫಿನ್ ಎಂಬ ಮೀನಿದೆ. ಅದು ತನ್ನ ಗಾಳಿಚೀಲದಿಂದ ತೇಲುವುದಷ್ಟೇ ಅಲ್ಲ, ಉಸಿರಾಡುತ್ತದೆ. ಆ ಮೀನನ್ನು, ಅದರಲ್ಲೂ ದಾಖಲೆಗೆ ಹತ್ತಿರವಾಗುವಷ್ಟು ದೊಡ್ಡದನ್ನು, ಗಾಳ ಹಾಕಿ ಹಿಡಿಯುವವರಿಗೆ ಜೀವಶಾಸ್ತ್ರ ಗೊತ್ತಿರಲೇಬೇಕು. ಗೊತ್ತಿಲ್ಲದವರ ಕೈಯಲ್ಲಿ ಅದು ಸುಮ್ಮನೆ ಸಾಯುತ್ತದೆ. ಈ ಪಾಠ ಅದರ ಬಗ್ಗೆ.

ಮೊದಲು ಹೆಸರು. ದಕ್ಷಿಣ ಕ್ಯಾರೋಲಿನಾದ ಚಾರ್ಲ್ಸ್‌ಟನ್‌ನಲ್ಲಿದ್ದ ವೈದ್ಯ ಅಲೆಕ್ಸಾಂಡರ್ ಗಾರ್ಡನ್ ಕಳಿಸಿಕೊಟ್ಟ ಮಾದರಿಯನ್ನು ನೋಡಿ ಲಿನೇಯಸ್ 1766ರಲ್ಲಿ ಇದಕ್ಕೆ 'ಅಮಿಯಾ ಕಾಲ್ವಾ' ಎಂದು ಹೆಸರಿಟ್ಟರು. ಕಾಲ್ವಾ ಎಂದರೆ ಲ್ಯಾಟಿನ್‌ನಲ್ಲಿ ಬೋಳು. ಈ ಮೀನಿನ ತಲೆಯ ಮೇಲೆ ಹುರುಪೆಗಳಿಲ್ಲ. ಊರಿನ ಜನರ ಬಾಯಲ್ಲಿ ಮಾತ್ರ ಹೆಸರುಗಳು ಹಲವು: ಕೆಸರು ಮೀನು, ಗ್ರಿನೆಲ್, ಲೂಯಿಸಿಯಾನಾದಲ್ಲಿ ಶೂಪಿಕ್. ಕೆಲವು ಕಡೆ 'ಡಾಗ್‌ಫಿಶ್' ಎಂದೂ ಕರೆಯುತ್ತಾರೆ. ಇಲ್ಲಿ ಸ್ವಲ್ಪ ನಿಲ್ಲಿ. ನಿಮ್ಮ ಪಠ್ಯದಲ್ಲಿ ಡಾಗ್‌ಫಿಶ್ ಎಂದರೆ ಸ್ಕೋಲಿಯೋಡಾನ್, ಅಂದರೆ ಮೃದ್ವಸ್ಥಿ ಮೀನು, ಶಾರ್ಕ್‌ನ ಬಳಗ. ಬೋಫಿನ್ ಮೂಳೆಮೀನು. ಒಂದೇ ಹೆಸರು, ಎರಡು ಬೇರೆ ವರ್ಗ. ದ್ವಿನಾಮ ಪದ್ಧತಿ ಏಕೆ ಬೇಕು ಎಂಬ ಪ್ರಶ್ನೆಗೆ ಇನ್ನು ಮುಂದೆ ಈ ಉದಾಹರಣೆಯನ್ನೂ ಬರೆಯಬಹುದು.

ಅದರ ಬಳಗ ಬಹಳ ಹಳೆಯದು. ಜುರಾಸಿಕ್ ಕಾಲದಿಂದಲೂ ಇದರ ಸಂಬಂಧಿಗಳ ಪಳೆಯುಳಿಕೆಗಳು ಸಿಗುತ್ತವೆ. ಯುರೋಪ್, ಏಷ್ಯಾ, ಆಫ್ರಿಕಾಗಳಲ್ಲೂ ಒಂದು ಕಾಲದಲ್ಲಿ ಇದ್ದವು. ಇಂದು ಉಳಿದಿರುವುದು ಉತ್ತರ ಅಮೆರಿಕದಲ್ಲಿ ಮಾತ್ರ. ಬಹುಕಾಲ ಒಂದೇ ಪ್ರಭೇದ ಎಂದುಕೊಂಡಿದ್ದರು. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವು ಎರಡು ಎಂದು ತೋರಿಸಿತು: ಅಮಿಯಾ ಕಾಲ್ವಾ ಮತ್ತು ಅಮಿಯಾ ಓಸೆಲಿಕಾಡಾ.

ಈಗ ಉಸಿರಿನ ಲೆಕ್ಕ. 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ಸಿಹಿನೀರಿನಲ್ಲಿ ಹೆಚ್ಚೆಂದರೆ 9 ಮಿಲಿಗ್ರಾಂನಷ್ಟು ಆಮ್ಲಜನಕ ಕರಗುತ್ತದೆ. 30 ಡಿಗ್ರಿಗೆ ಏರಿದರೆ ಅದು ಸುಮಾರು 7.5ಕ್ಕೆ ಇಳಿಯುತ್ತದೆ. ಜೊಂಡು ತುಂಬಿ, ಎಲೆ ಕೊಳೆಯುವ ಕೆರೆಯಲ್ಲಿ ಬೇಸಿಗೆಯ ರಾತ್ರಿ ಇದಕ್ಕಿಂತ ಎಷ್ಟೋ ಕಡಿಮೆ. ಅದೇ ಒಂದು ಲೀಟರ್ ಗಾಳಿಯಲ್ಲಿ 270 ಮಿಲಿಗ್ರಾಂಗೂ ಹೆಚ್ಚು ಆಮ್ಲಜನಕವಿದೆ. ಬೇರೆ ಮೀನುಗಳು ಕಿವಿರು ಬಡಿದು ಬಡಿದು ಸೋಲುವ ನೀರಿನಲ್ಲಿ ಬೋಫಿನ್ ಮೇಲೆ ಬಂದು ಬಾಯಿ ತುಂಬ ಗಾಳಿ ನುಂಗಿ ಕೆಳಗಿಳಿಯುತ್ತದೆ. ಅದರ ಗಾಳಿಚೀಲದ ಒಳಗೋಡೆಯಲ್ಲಿ ರಕ್ತನಾಳಗಳು ದಟ್ಟವಾಗಿದ್ದು ಅದು ಶ್ವಾಸಕೋಶದಂತೆ ಕೆಲಸ ಮಾಡುತ್ತದೆ. ನೀರು 10 ಡಿಗ್ರಿಗಿಂತ ತಣ್ಣಗಿದ್ದಾಗ ಅದು ಗಾಳಿಗಾಗಿ ಮೇಲೆ ಬರುವುದೇ ಅಪರೂಪ. ಆಗ ಕಿವಿರೇ ಸಾಕು. ಡಾರ್ವಿನ್ ಗಾಳಿಚೀಲದಿಂದ ಶ್ವಾಸಕೋಶ ಹುಟ್ಟಿತು ಎಂದು ಭಾವಿಸಿದ್ದರು. ಇಂದಿನ ಜೀವಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಅದನ್ನು ತಿರುವಿ ಹಾಕುತ್ತಾರೆ: ಗಾಳಿ ಉಸಿರಾಡುವ ಚೀಲವೇ ಮೊದಲು, ತೇಲಲು ಮಾತ್ರ ಬಳಸುವ ಚೀಲ ಆಮೇಲೆ.

ಗಾಳ ಹಾಕುವವನಿಗೆ ಇದರಿಂದ ಏನು ಉಪಯೋಗ? ಎಲ್ಲಿ ಕೂರಬೇಕೆಂದು ಗೊತ್ತಾಗುತ್ತದೆ. ತಿಳಿನೀರಿನ ಆಳ ಬಿಟ್ಟು ಜೊಂಡಿನ ಅಂಚು, ಮುಳುಗಿದ ಮರದ ಬುಡ, ನಿಂತ ಹಿನ್ನೀರು ನೋಡಬೇಕು. ಬೆಳಗಿನ ಜಾವ, ಮುಸ್ಸಂಜೆ, ರಾತ್ರಿ ಒಳ್ಳೆಯ ಹೊತ್ತು. ನೀರಿನ ಮೇಲೆ ಒಂದು ಗುಳುಕ್ ಸದ್ದು, ಒಂದಿಷ್ಟು ಗುಳ್ಳೆ ಕಂಡರೆ ಅಲ್ಲಿ ಮೀನಿರಬಹುದು. ಬೋಫಿನ್ ಹೆಚ್ಚಾಗಿ ವಾಸನೆ ಹಿಡಿದು ಬೇಟೆಯಾಡುತ್ತದೆ. ಮೂತಿಯ ತುದಿಯಲ್ಲಿ ಕೊಳವೆಯಂಥ ಎರಡು ಮೂಗಿನ ಹೊಳ್ಳೆಗಳಿವೆ. ಆದ್ದರಿಂದ ಆಗತಾನೇ ಕತ್ತರಿಸಿದ ಮೀನಿನ ತುಂಡು ತಳದಲ್ಲಿ ಬಿಟ್ಟರೆ ಹೊಳೆಯುವ ಕೃತಕ ಎರೆಗಿಂತ ಒಳ್ಳೆಯದು. ದಾರ ಗಟ್ಟಿ ಇರಬೇಕು, ಕೊಕ್ಕೆಯೂ ಗಟ್ಟಿ ಇರಬೇಕು: ದವಡೆ ಮೂಳೆ ಕಠಿಣ, ಹಲ್ಲು ಚೂಪು, ಹಿಡಿದ ಕೂಡಲೇ ಜೊಂಡಿನೊಳಗೆ ನುಗ್ಗಿ ದಾರ ಸುತ್ತಿಕೊಳ್ಳುತ್ತದೆ.

ದೊಡ್ಡ ಮೀನು ಎಂದರೆ ಎಷ್ಟು ದೊಡ್ಡದು? ಅಂತರರಾಷ್ಟ್ರೀಯ ದಾಖಲೆ 9.75 ಕಿಲೋ. 1980ರ ಜನವರಿಯಲ್ಲಿ ದಕ್ಷಿಣ ಕ್ಯಾರೋಲಿನಾದ ಫ್ಲಾರೆನ್ಸ್‌ನಲ್ಲಿರುವ ಫಾರೆಸ್ಟ್ ಲೇಕ್‌ನಲ್ಲಿ ಸಿಕ್ಕಿದ್ದು. ನಾಲ್ಕೂವರೆ ಕಿಲೋ ದಾಟಿದರೇ ಗಾಳದವರು ಜೀವಮಾನದ ಮೀನು ಎನ್ನುತ್ತಾರೆ. ಗಣಿತದವರು ಒಂದು ಅಂದಾಜು ಮಾಡಿ ನೋಡಿ. ಆಕಾರ ಬದಲಾಗದಿದ್ದರೆ ತೂಕ ಉದ್ದದ ಘನಕ್ಕೆ ಅನುಪಾತದಲ್ಲಿರುತ್ತದೆ. 60 ಸೆಂಟಿಮೀಟರ್‌ನ ಮೀನು 2.2 ಕಿಲೋ ಎಂದಿಟ್ಟುಕೊಳ್ಳಿ. ಉದ್ದ ಒಂದೂವರೆ ಪಟ್ಟಾಗಿ 90 ಸೆಂಟಿಮೀಟರ್ ಆದರೆ ತೂಕ 3.375 ಪಟ್ಟು, ಸುಮಾರು 7.4 ಕಿಲೋ. ತಕ್ಕಡಿ ಇಲ್ಲದೆಯೂ ಅಳತೆಪಟ್ಟಿಯಿಂದ ತೂಕ ಊಹಿಸಿ ಮೀನನ್ನು ಬೇಗ ನೀರಿಗೆ ಬಿಡಬಹುದು.

ಬಿಡುವುದೇ ಇಲ್ಲಿ ಮುಖ್ಯ. ಬೋಫಿನ್‌ಗಳಲ್ಲಿ ಹೆಣ್ಣೇ ದೊಡ್ಡದು. ಜೀವಮಾನದ ಮೀನು ಎಂದು ಫೋಟೋ ತೆಗೆಸಿಕೊಳ್ಳುವಂಥದ್ದು ಹೆಚ್ಚಾಗಿ ವರ್ಷಗಟ್ಟಲೆ ಮೊಟ್ಟೆಯಿಟ್ಟ ಹಳೆಯ ಹೆಣ್ಣು. ಅದರ ಮೊಟ್ಟೆಯನ್ನು ಉಪ್ಪು ಹಾಕಿ ಮಾರುವ ವ್ಯಾಪಾರವೂ ಲೂಯಿಸಿಯಾನಾದಲ್ಲಿದೆ. ಗಂಡಿನ ಕಥೆ ಬೇರೆ. ವಸಂತದಲ್ಲಿ ಅದು ಆಳವಿಲ್ಲದ ಜಾಗದಲ್ಲಿ ಗಿಡ ಕಿತ್ತು ತಟ್ಟೆಯಂತೆ ಗೂಡು ಮಾಡುತ್ತದೆ, ಮೊಟ್ಟೆ ಕಾಯುತ್ತದೆ, ಮರಿಗಳು ಗುಂಪಾಗಿ ಈಜುವಾಗಲೂ ವಾರಗಟ್ಟಲೆ ಜೊತೆಗಿರುತ್ತದೆ. ಆಗ ಹತ್ತಿರ ಬಂದ ಯಾವುದನ್ನಾದರೂ ಕಚ್ಚುವುದರಿಂದ ಹಿಡಿಯುವುದು ಸುಲಭ. ಆ ದಿನಗಳಲ್ಲಿ ಗೂಡಿನ ಮೇಲೆ ಗಾಳ ಬಿಡುವುದು ನನ್ನ ದೃಷ್ಟಿಯಲ್ಲಿ ಆಟವೇ ಅಲ್ಲ. ತಂದೆ ಮೇಲೆ ಬಂದ ಕೆಲವೇ ನಿಮಿಷಗಳಲ್ಲಿ ಬೇರೆ ಮೀನುಗಳು ಮರಿಗಳ ಮೇಲೆ ಬೀಳುತ್ತವೆ.

ಹಾಗಿದ್ದರೂ ಬಹಳ ಜನ ಬೋಫಿನ್ ಸಿಕ್ಕರೆ ದಡಕ್ಕೆ ಎಸೆಯುತ್ತಿದ್ದರು. ತಿನ್ನಲು ಮೆತ್ತಗೆ, ಬೇರೆ ಆಟದ ಮೀನುಗಳನ್ನು ತಿಂದುಹಾಕುತ್ತದೆ, ಅದಕ್ಕೇ 'ಕಸದ ಮೀನು' ಎಂಬ ಮಾತು. 2002ರ ನಂತರ ಇನ್ನೊಂದು ಕಾರಣ ಸೇರಿತು. ಆ ವರ್ಷ ಮೇರಿಲ್ಯಾಂಡ್‌ನ ಕ್ರಾಫ್ಟನ್ ಎಂಬಲ್ಲಿನ ಕೊಳದಲ್ಲಿ ಚೀನಾ ಕಡೆಯ ಹಾವುತಲೆ ಮೀನು ಮರಿ ಮಾಡಿರುವುದು ಪತ್ತೆಯಾಯಿತು. ಅಧಿಕಾರಿಗಳು ಕೊಳಕ್ಕೇ ವಿಷ ಹಾಕಿದರು. ಹಾವುತಲೆ ಮೀನು ಕಂಡರೆ ಕೊಂದುಬಿಡಿ ಎಂಬ ಸೂಚನೆ ಹರಡಿತು. ಬೋಫಿನ್ ಮೇಲ್ನೋಟಕ್ಕೆ ಅದರಂತೆಯೇ ಇದೆ: ಉದ್ದ ಮೈ, ಉದ್ದ ಬೆನ್ನಿನ ರೆಕ್ಕೆ, ದುಂಡು ಬಾಲ. ಪರದೇಶದ ಮೀನೆಂದು ಭಾವಿಸಿ ಜನ ತಮ್ಮದೇ ಕೆರೆಯ ಹಳೆಯ ಮೀನನ್ನು ಕೊಲ್ಲತೊಡಗಿದರು.

ಆ ಹಾವುತಲೆ ಮೀನು ನಿಮಗೆ ಅಪರಿಚಿತವಲ್ಲ. ನಮ್ಮ ಕೆರೆಗಳ ಕೊರವ ಮೀನು ಅದೇ ಚನ್ನಾ ಕುಲಕ್ಕೆ ಸೇರಿದ್ದು. ಮಾರುಕಟ್ಟೆಯಲ್ಲಿ ಸ್ವಲ್ಪವೇ ನೀರಿರುವ ತೊಟ್ಟಿಯಲ್ಲಿ ಅದು ಜೀವಂತ ಉಳಿಯುವುದು ಗಾಳಿ ಉಸಿರಾಡುವುದರಿಂದಲೇ. ಆದರೆ ಕೊರವ ಉಸಿರಾಡುವುದು ಗಾಳಿಚೀಲದಿಂದಲ್ಲ, ಕಿವಿರುಗಳ ಮೇಲೆ ತಲೆಯೊಳಗಿರುವ ಒಂದು ಕೋಣೆಯಿಂದ. ಬೇರೆ ಬೇರೆ ಅಂಗ, ಒಂದೇ ಕೆಲಸ. ದ್ವಿತೀಯ ಪಿಯುಸಿಯವರು ಇದನ್ನು ಯಾವ ವಿಕಾಸ ಎಂದು ಕರೆಯುತ್ತಾರೆಂದು ತಾವೇ ಹೇಳಲಿ.

ಎರಡನ್ನೂ ಬೇರ್ಪಡಿಸಲು ಮೀನನ್ನು ಕತ್ತರಿಸಬೇಕಿಲ್ಲ. ಹೊಟ್ಟೆಯ ಕೆಳಗೆ, ಗುದದ ಹಿಂದಿನ ರೆಕ್ಕೆ ನೋಡಿ: ಬೋಫಿನ್‌ನಲ್ಲಿ ಅದು ಗಿಡ್ಡ, ಹಾವುತಲೆಯಲ್ಲಿ ಬಾಲದ ಬುಡದವರೆಗೆ ಉದ್ದ. ಕೆಳದವಡೆಯ ಎರಡು ಮೂಳೆಗಳ ನಡುವೆ ಬೋಫಿನ್‌ಗೆ ಒಂದು ಗಟ್ಟಿ ಮೂಳೆಫಲಕವಿದೆ, ಹಾವುತಲೆಗೆ ಇಲ್ಲ. ಬಾಲದ ಬುಡದಲ್ಲಿ ಕಿತ್ತಳೆ ಅಂಚಿನ ಕಪ್ಪು ಚುಕ್ಕೆ ಎದ್ದು ಕಂಡರೆ ಅದು ಗಂಡು ಬೋಫಿನ್. ಹೆಣ್ಣಿನಲ್ಲಿ ಅದು ಮಸುಕು ಅಥವಾ ಇಲ್ಲವೇ ಇಲ್ಲ. ಆದ್ದರಿಂದ ಚುಕ್ಕೆಯನ್ನಷ್ಟೇ ನಂಬಿದವನು ದೊಡ್ಡ ಹೆಣ್ಣನ್ನೇ ತಪ್ಪಾಗಿ ಕೊಲ್ಲುತ್ತಾನೆ. ಗುದದ ರೆಕ್ಕೆಯೇ ನಂಬಿಕೆಯ ಗುರುತು.

ಗುರುತಿಸಿದ ಮೇಲೆ ಕೆಲಸ ಬೇಗ ಮುಗಿಯಬೇಕು. ಕೈ ಒದ್ದೆ ಮಾಡಿಕೊಂಡು, ಹೊಟ್ಟೆಗೆ ಆಸರೆ ಕೊಟ್ಟು, ಉದ್ದ ಮೂತಿಯ ಇಕ್ಕಳದಿಂದ ಕೊಕ್ಕೆ ತೆಗೆಯಬೇಕು. ಬಾಯೊಳಗೆ ಬೆರಳು ಹಾಕಬಾರದು. ಗಾಳಿ ಉಸಿರಾಡುತ್ತದಲ್ಲ ಎಂದು ದಡದಲ್ಲಿ ಬಿಟ್ಟಿರಬಾರದು. ಚರ್ಮದ ಲೋಳೆ ಒಣಗಿದರೆ ಸೋಂಕು ತಗಲುತ್ತದೆ.

ಮನೆಪಾಠ: ಈ ವಾರ ಮೀನು ಮಾರುಕಟ್ಟೆಗೆ ಹೋದವರು ಕೊರವದ ಗುದದ ರೆಕ್ಕೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ನೋಡಿ, ಪೆನ್ಸಿಲ್‌ನಲ್ಲಿ ಚಿತ್ರ ಬರೆದು ಪ್ರಯೋಗಾಲಯಕ್ಕೆ ತನ್ನಿ. ಅದು ನಿಮಿಷಕ್ಕೆ ಎಷ್ಟು ಸಲ ಮೇಲೆ ಬಂದು ಗಾಳಿ ನುಂಗುತ್ತದೆ ಎಂದೂ ಎಣಿಸಿಕೊಳ್ಳಿ.