ಮಗುವಿಗೆ ಕೋವಿಡ್: ದವಾಖಾನೆಗೆ ಯಾವಾಗ, ಅಲ್ಲಿ ಏನು?

2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದಾಗಿ ಬೆಳಗಾವಿ ಬಳಿಯ ಪೀರನವಾಡಿಯ ಓಣಿಗಳಿಗೆ ಕಂಬ ಕಟ್ಟಿ ಓಡಾಟ ನಿಲ್ಲಿಸಿದ್ದರು. ಆ ಕಾಲ ಮುಗಿಯಿತು, ವೈರಾಣು ಮುಗಿದಿಲ್ಲ. 2025ರ ಮೇ ತಿಂಗಳಲ್ಲಿ ಹೊಸಕೋಟೆಯ 9 ತಿಂಗಳ ಕೂಸಿಗೆ ಸೋಂಕು ತಗುಲಿ, ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯಿತು.

ಹೆಚ್ಚಿನ ಮಕ್ಕಳು ಮನೆಯಲ್ಲೇ ಗುಣವಾಗುತ್ತಾರೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ, ಎರಡು ಡೋಸುಗಳ ನಡುವೆ 4ರಿಂದ 6 ತಾಸು. ಆಸ್ಪಿರಿನ್ ಬೇಡವೇ ಬೇಡ.

ಥರ್ಮಾಮೀಟರ್‌ಗಿಂತ ಉಸಿರೇ ಹೆಚ್ಚು ಹೇಳುತ್ತದೆ. ಮಗು ಅಳದೆ ಮಲಗಿದ್ದಾಗ ಅಂಗಿ ಮೇಲೆತ್ತಿ, ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿ. 2 ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40, ಅದಕ್ಕೂ ದೊಡ್ಡವರಿಗೆ 30 ಮುಟ್ಟಿದರೆ ದವಾಖಾನೆಗೆ ಹೊರಡಬೇಕು. ಉಸಿರೆಳೆದಾಗ ಪಕ್ಕೆ ಒಳಸೇದಿದರೆ, ತುಟಿ ನೀಲಿಯಾದರೆ, ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಆಕ್ಸಿಮೀಟರ್ 94ಕ್ಕಿಂತ ಕೆಳಗಿಳಿದರೆ ಎಣಿಸುತ್ತ ಕೂರಬಾರದು. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೂ ಅಷ್ಟೇ.

ಪೀರನವಾಡಿಯವರಿಗೆ ಬೆಳಗಾವಿಯ ಬಿಮ್ಸ್ ಆಸ್ಪತ್ರೆ ಹತ್ತಿರ. ಖಾನಾಪುರದ ಕಡೆಯವರು ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಬಹುದು. ಕಾಡಿನೊಳಗಿನ ಊರವರು ಮಾತ್ರ ಕತ್ತಲಾಗುವ ತನಕ ಕಾಯಬಾರದು. 2024ರ ಮಳೆಗಾಲದಲ್ಲಿ ಖಾನಾಪುರ ತಾಲ್ಲೂಕಿನ ಆಮಗಾಂವದಿಂದ ಅಸ್ವಸ್ಥ ಮಹಿಳೆಯೊಬ್ಬರನ್ನು ಜನ ಹೊತ್ತುಕೊಂಡೇ ಕಾಡು ದಾಟಿಸಬೇಕಾಯಿತು. 108ಕ್ಕೆ ಫೋನ್ ಮಾಡಿ. ಪಡಿತರ ಚೀಟಿ, ಆಧಾರ್, ತಾಯಿ ಕಾರ್ಡ್, ಕೊಟ್ಟ ಔಷಧದ ಬಾಟಲಿ ಜೊತೆಗಿರಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ವೈದ್ಯರ ಶಿಫಾರಸು ಪತ್ರ ಕೇಳಿ ಪಡೆಯಿರಿ.

ವಾರ್ಡಿನಲ್ಲಿ ನಡೆಯುವುದು ಬಹುಪಾಲು ಸರಳ ಕೆಲಸ: ಆಮ್ಲಜನಕ, ನೀರಿನಂಶ, ನಿಗಾ. 'ಸಲಾಯಿನ್ ಹಚ್ರಿ, ಸ್ಕ್ಯಾನ್ ಮಾಡ್ರಿ' ಎಂದು ಮನೆಯವರು ಒತ್ತಾಯಿಸುವುದರಿಂದ ಲಾಭವಿಲ್ಲ. ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2021ರ ಜೂನ್‌ನಲ್ಲೇ 18ರೊಳಗಿನವರಿಗೆ ರೆಮ್ಡಿಸಿವಿರ್ ಬೇಡವೆಂದಿತ್ತು. ಸ್ಟಿರಾಯ್ಡ್ ಆಸ್ಪತ್ರೆಯಲ್ಲಿ, ತೀವ್ರವಾಗಿ ಬಳಲುವವರಿಗಷ್ಟೇ. ತಾಯಿಗೂ ಸೋಂಕಿದ್ದರೆ ಮಾಸ್ಕ್ ಹಾಕಿಕೊಂಡು, ಕೈ ತೊಳೆದು ಎದೆಹಾಲು ಕೊಡಬಹುದು.

ಮನೆಗೆ ಬಂದ ಮೇಲೂ ಆರು ವಾರ ಗಮನವಿರಲಿ. ಸೋಂಕು ಮರೆತುಹೋದ ಹೊತ್ತಿಗೆ, ಸಾಮಾನ್ಯವಾಗಿ 2ರಿಂದ 6 ವಾರದೊಳಗೆ, ಕೆಲವು ಮಕ್ಕಳಲ್ಲಿ ಹೃದಯ ಸೇರಿದಂತೆ ಹಲವು ಅಂಗಗಳು ಉರಿಯೂತಕ್ಕೆ ಸಿಕ್ಕುತ್ತವೆ. ಇದು ಅಪರೂಪ, ಆದರೆ ಚಿಕಿತ್ಸೆಯುಂಟು. ಮೂರು ದಿನ ಬಿಡದ ಜ್ವರದ ಜೊತೆ ಕೆಂಗಣ್ಣು, ಮೈಮೇಲೆ ದದ್ದು, ಹೊಟ್ಟೆನೋವು, ವಾಂತಿ ಕಂಡರೆ ಮಕ್ಕಳ ತಜ್ಞರ ಬಳಿ ಹೋಗಿ, ಹಿಂದೆ ಕೋವಿಡ್ ಆಗಿತ್ತೆಂದು ಮೊದಲೇ ಹೇಳಿ. ಹೃದಯದ ಎಕೋ ಪರೀಕ್ಷೆ ಮಾಡಿಸಬೇಕೇ ಎಂಬುದನ್ನು ಅವರು ಆ ಮಾಹಿತಿ ನೋಡಿಯೇ ನಿರ್ಧರಿಸುತ್ತಾರೆ.