ತೆರೆಯಿಲ್ಲದ ಕಂಪ್ಯೂಟರಿಗೆ ಕಾರ್ಯವ್ಯವಸ್ಥೆ ಹಾಕುವ ಕ್ರಮ

ಸಂಘದ ಗೋದಾಮಿನಲ್ಲಿ ಮಳೆಮಾಪಕದ ಲೆಕ್ಕ ಬರೆದುಕೊಳ್ಳಲು ಇಟ್ಟಿರುವ ಪುಟ್ಟ ಕಂಪ್ಯೂಟರನ್ನು ಸದಸ್ಯ ಬಾಂಧವರು ನೋಡಿದ್ದೀರಿ. ಬೆಂಕಿಪೊಟ್ಟಣಕ್ಕಿಂತ ಕೊಂಚ ಉದ್ದದ ಇದರ ಹೆಸರು ರಾಸ್ಪ್‌ಬೆರಿ ಪೈ ಜೀರೋ 2 ಡಬ್ಲ್ಯು. ತೆರೆಯೂ ಇಲ್ಲ, ಕೀಲಿಮಣೆಯೂ ಇಲ್ಲ. ಹಾಗಾದರೆ ನಡೆಸುವುದು ಹೇಗೆಂದು ಹಲವರು ಕೇಳಿದ್ದರಿಂದ ಈ ಬರಹ.

ತೆರೆಯಿದ್ದರೆ ಯಂತ್ರವು ನಮ್ಮನ್ನು ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಇಲ್ಲಿ ಮೊದಲೇ ಉತ್ತರ ಬರೆದುಕೊಡಬೇಕು. ಬೇರೊಂದು ಕಂಪ್ಯೂಟರಿನಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ಎಂಬ ತಂತ್ರಾಂಶ ಹಾಕಿ, ಮೆಮೊರಿ ಕಾರ್ಡು ಸೇರಿಸಿ. ಕಾರ್ಡಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮದುವೆ ಫೋಟೋಗಳ ಕಾರ್ಡು ಬೇಡ! ಈ ಯಂತ್ರಕ್ಕೆ ಸ್ಮೃತಿ 512 ಮೆಗಾಬೈಟ್ ಮಾತ್ರ. ಆದುದರಿಂದ 'ಲೈಟ್' ಆವೃತ್ತಿ ಸಾಕು. ಯಂತ್ರದ ಹೆಸರು, ಬಳಕೆದಾರನ ಹೆಸರು, ಗುಪ್ತಪದ, ವೈಫೈ ವಿವರಗಳನ್ನು ತುಂಬಿ, ಎಸ್‌ಎಸ್‌ಎಚ್ ಎಂಬ ದೂರಪ್ರವೇಶಕ್ಕೆ ಒಪ್ಪಿಗೆ ಕೊಡಿ. ಹಿಂದೆ ಎಲ್ಲ ಪ್ರತಿಗಳಲ್ಲೂ 'ಪೈ' ಎಂಬ ಒಂದೇ ಬಳಕೆದಾರನಿರುತ್ತಿದ್ದ. ಸುರಕ್ಷತೆಗಾಗಿ 2022ರ ಏಪ್ರಿಲಿನಲ್ಲಿ ಅದನ್ನು ತೆಗೆದರು. ಈಗ ಹೆಸರು ಕೊಡದೆ ಬಿಟ್ಟರೆ ಒಳಗೆ ಹೋಗುವ ಬಾಗಿಲೇ ಇರುವುದಿಲ್ಲ.

ನಾನು ಎಡವಿದ್ದು ವೈಫೈ ವಿಷಯದಲ್ಲಿ. ನಮ್ಮ ಕಚೇರಿಯ ರೂಟರಿನಲ್ಲಿ ಎರಡು ಹೆಸರುಗಳಿವೆ; ವೇಗದ್ದೆಂದು 5 ಗಿಗಾಹರ್ಟ್ಸ್‌ನದನ್ನು ಬರೆದೆ. ಈ ಯಂತ್ರಕ್ಕೆ ತಿಳಿಯುವುದು 2.4 ಮಾತ್ರ. ಹಸಿರು ದೀಪ ಮಿನುಗುತ್ತಿತ್ತು, ಕರೆದರೆ ಉತ್ತರವಿಲ್ಲ. ದೀಪ ಹೇಳುವುದು ಕಾರ್ಡನ್ನು ಓದುತ್ತಿದ್ದೇನೆಂದು ಅಷ್ಟೆ, ಜಾಲ ಸೇರಿದೆನೆಂದಲ್ಲ. ಎರಡು ದಿನ ಹಾಗೇ ಕಳೆಯಿತು. ಆ ನಡುವೆ ರಾತ್ರಿ ಮೊದಲ ಹೂಮಳೆ ಬಂದುಹೋಯಿತು. ಕಾಫಿಗೆ ವರ್ಷದಲ್ಲಿ ಅತಿ ಬೇಕಾದ ಆ ಲೆಕ್ಕವನ್ನು ನೆರೆತೋಟದ ಗಾಜಿನ ಮಾಪಕದಿಂದ ಕೇಳಿ ಬರೆದುಕೊಳ್ಳಬೇಕಾಯಿತು.

ಕಾರ್ಡು ಹಾಕಿ ವಿದ್ಯುತ್ ಕೊಟ್ಟ ಮೇಲೆ ಐದಾರು ನಿಮಿಷ ಸುಮ್ಮನಿರಿ. ಮೊದಲ ಸಲ ಅದಕ್ಕೆ ಬಹಳ ಕೆಲಸ. ಆಮೇಲೆ ರೂಟರಿನ ಪಟ್ಟಿಯಲ್ಲಿ ಯಂತ್ರದ ಹೆಸರಿದೆಯೇ ನೋಡಿ. ಇಲ್ಲದಿದ್ದರೆ ಕಾರ್ಡನ್ನು ಮತ್ತೆ ಬರೆಯುವುದೇ ಸುಲಭ. ಇದ್ದರೆ ನಿಮ್ಮ ಕಂಪ್ಯೂಟರಿನ ಆಜ್ಞಾಕಿಟಕಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಎಸ್‌ಎಸ್‌ಎಚ್ ಎಂದು ಬರೆದು, ಜಾಗ ಬಿಟ್ಟು, ಬಳಕೆದಾರನ ಹೆಸರು, 'ಅಟ್' ಚಿಹ್ನೆ, ಯಂತ್ರದ ಹೆಸರು, ಕೊನೆಗೆ 'ಡಾಟ್ ಲೋಕಲ್' ಸೇರಿಸಿ. ಗುಪ್ತಪದ ಒತ್ತುವಾಗ ಏನೂ ಕಾಣುವುದಿಲ್ಲ. ಕೀಲಿ ಕೆಟ್ಟಿತೆಂದು ಗಾಬರಿಯಾಗಬೇಡಿ.

ನಿಲ್ಲಿಸುವಾಗ ಪ್ಲಗ್ ಕೀಳಬಾರದು, 'ಸುಡೋ ಪವರ್‌ಆಫ್' ಆಜ್ಞೆ ಕೊಡಬೇಕು. ಇಲ್ಲವಾದರೆ ಕಾರ್ಡು ಕೆಡಬಹುದು. ನಮ್ಮ ಕಡೆಯ ಕರೆಂಟು ಕೇಳಿ ಹೋಗುವುದಿಲ್ಲವಾದ್ದರಿಂದ, ಸಿದ್ಧಪಡಿಸಿದ ಇನ್ನೊಂದು ಕಾರ್ಡನ್ನು ಕಚೇರಿಯ ಕಪಾಟಿನಲ್ಲಿ ಇಟ್ಟಿದ್ದೇನೆ. ಬೀಗದ ಕೈ ಗುಮಾಸ್ತರ ಹತ್ತಿರ ಇದೆ.